“ನೀನೇ ಮಾಡಿಸ್ಕೊಂಡಿದ್ದು ತಾನೇ?” ಅನ್ನೋ ಮುನ್ನ: ಉಬ್ಬಿದ ಕಲೆಗೂ ಚಿಕಿತ್ಸೆ ಇದೆ

ಬಸವೇಶ್ವರನಗರದ ಹಾವನೂರು ಸರ್ಕಲ್‌ನಿಂದ ಹೊರಟು, ವಿಜಯನಗರ ದಾಟಿ ಕೆಂಗೇರಿವರೆಗೆ ಸ್ಕೂಟರಿನಲ್ಲಿ ಹೋಗಿ ನೋಡಿ. ದರ್ಶಿನಿ, ಮೆಡಿಕಲ್ ಸ್ಟೋರು, ಚಿನ್ನದಂಗಡಿಗಳ ಮಧ್ಯೆ ಸ್ಕಿನ್ ಕ್ಲಿನಿಕ್, ಹೇರ್ ಕ್ಲಿನಿಕ್, ಕಾಸ್ಮೆಟಿಕ್ ಸೆಂಟರ್ ಬೋರ್ಡುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಬಹಳಷ್ಟು ಬೋರ್ಡುಗಳಲ್ಲಿ ‘ಮೊದಲು’, ‘ನಂತರ’ ಅಂತ ಎರಡು ಫೋಟೊ. ಆ ‘ನಂತರ’ದ ಫೋಟೊ ತೆಗೆದು ಆರು ತಿಂಗಳಾದ ಮೇಲೆ ಹೊಲಿಗೆ ಹಾಕಿದ ಜಾಗ ಹೇಗಾಯ್ತು ಅನ್ನೋದನ್ನ ಮಾತ್ರ ಬೋರ್ಡು ಹೇಳೋದಿಲ್ಲ.

ಹೆಚ್ಚಿನವರಿಗೆ ಏನೂ ಆಗೋದಿಲ್ಲ, ಗೆರೆ ಮಾಸುತ್ತಾ ಹೋಗುತ್ತೆ. ಕೆಲವರಿಗೆ ಮಾತ್ರ ಆ ಗೆರೆ ಉಬ್ಬುತ್ತದೆ, ಗಟ್ಟಿಯಾಗುತ್ತದೆ, ನವೆ ಶುರುವಾಗುತ್ತದೆ, ಮುಟ್ಟಿದರೆ ನೋಯುತ್ತದೆ. ಇದಕ್ಕೆ ಚಿಕಿತ್ಸೆ ಇದೆ. ಆದರೆ ಚಿಕಿತ್ಸೆಗೆ ಹೋಗದಂತೆ ತಡೆಯುವ ಒಂದು ಮಾತೂ ನಮ್ಮ ಮನೆಗಳಲ್ಲಿದೆ: “ನೀನೇ ಹೋಗಿ ಮಾಡಿಸ್ಕೊಂಡಿದ್ದು ತಾನೇ? ಅನುಭವಿಸು.”

ಕಾಸ್ಮೆಟಿಕ್ ಸರ್ಜರಿ ಅಂದ ಕೂಡಲೇ ಸಿನಿಮಾದವರ ಮೂಗು, ತುಟಿ ನೆನಪಾಗುತ್ತೆ. ನಮ್ಮ ನಡುವೆ ಆಗೋದು ಬೇರೆ. ಭಾರದ ಜುಮುಕಿ ಹಾಕಿ ಹಾಕಿ ಹರಿದ ಕಿವಿಯ ತೂತನ್ನು ಹೊಲಿಸಿಕೊಳ್ಳುವುದು, ಮುಖದ ಮೇಲಿನ ಮಚ್ಚೆ ತೆಗೆಸುವುದು, ಗಂಡಸರು ಎದೆಯ ಉಬ್ಬು ಕಡಿಮೆ ಮಾಡಿಸಿಕೊಳ್ಳುವುದು, ಹೆರಿಗೆಯಾದ ಮೇಲೆ ಜೋತುಬಿದ್ದ ಹೊಟ್ಟೆ ಸರಿ ಮಾಡಿಸುವುದು. ಕಿವಿ ಚುಚ್ಚಿಸುವುದೂ ಒಂದು ರೀತಿಯಲ್ಲಿ ಇದೇ ಸಾಲಿಗೆ ಸೇರಿದ್ದು. ಉಬ್ಬು ಕಲೆ ಇವುಗಳಲ್ಲಿ ಯಾವುದರ ಹಿಂದೆಯಾದರೂ ಬರಬಹುದು.

ನಮ್ಮ ದೊಡ್ಡಮ್ಮನ ಮಗಳು ಕಿವಿ ಹೊಲಿಸಿಕೊಂಡಿದ್ದಳು. ನಾಲ್ಕು ತಿಂಗಳಿಗೆ ಅಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು, ವರ್ಷ ತುಂಬುವ ಹೊತ್ತಿಗೆ ಗೋಡಂಬಿಯಷ್ಟಾಯಿತು. ರಾತ್ರಿ ಆ ಕಡೆ ಮಗ್ಗುಲಾದರೆ ದಿಂಬು ತಾಕಿ ಎಚ್ಚರವಾಗುತ್ತಿತ್ತು. ಅಷ್ಟು ದಿನವೂ ಅವಳು ಕೂದಲು ಮುಂದೆ ಬಿಟ್ಟುಕೊಂಡು ಓಡಾಡಿದಳೇ ಹೊರತು ಡಾಕ್ಟರ ಹತ್ತಿರ ಹೋಗಲಿಲ್ಲ. ಅಲಂಕಾರಕ್ಕೆ ಅಂತ ಮಾಡಿಸಿಕೊಂಡಿದ್ದಕ್ಕೆ ನೋವು ಅಂತ ಹೇಗೆ ಹೇಳೋದು ಅನ್ನೋ ನಾಚಿಕೆ.

ಈ ನಾಚಿಕೆ ಸಣ್ಣದಲ್ಲ. 2022ರ ಮೇ ತಿಂಗಳಲ್ಲಿ ರಾಜಾಜಿನಗರದಲ್ಲಿ ಕೊಬ್ಬು ತೆಗೆಸುವ ಸರ್ಜರಿಯ ಬಳಿಕ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಆಕೆ ಮನೆಯವರಿಗೆ ತಿಳಿಸದೆ ಹೋಗಿದ್ದರು ಎಂದು ಆಗ ವರದಿಯಾಗಿತ್ತು. ಅದು ಕಲೆಯ ವಿಷಯವಲ್ಲ, ನಿಜ. ಆದರೆ ಮನೆಯಲ್ಲಿ ಬೈಗುಳ ಕಾದಿದೆ ಅಂತ ಗೊತ್ತಿದ್ದರೆ ಜನ ಗುಟ್ಟಾಗಿ ಹೋಗುತ್ತಾರೆ, ಆಮೇಲೆ ತೊಂದರೆಯಾದರೂ ಗುಟ್ಟಾಗಿಯೇ ಇಟ್ಟುಕೊಳ್ಳುತ್ತಾರೆ.

ಎರಡು ಬಗೆಯ ಉಬ್ಬು

ಮೊದಲು ತಿಳಿಯಬೇಕಾದ್ದು, ಉಬ್ಬಿದ ಕಲೆಗಳೆಲ್ಲ ಒಂದೇ ಅಲ್ಲ. ಒಂದನ್ನು ಹೈಪರ್‌ಟ್ರೋಫಿಕ್ ಸ್ಕಾರ್ ಅಂತಾರೆ. ಇದು ಗಾಯದ ಗೆರೆ ಎಷ್ಟಿತ್ತೋ ಅಷ್ಟರೊಳಗೇ ಉಬ್ಬುತ್ತದೆ. ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಶುರುವಾಗಿ, ಕೆಲವು ತಿಂಗಳು ಬೆಳೆದು, ಆಮೇಲೆ ಎಷ್ಟೋ ಜನರಲ್ಲಿ ತಾನಾಗಿಯೇ ತಗ್ಗುತ್ತದೆ.

ಇನ್ನೊಂದು ಕೀಲಾಯ್ಡ್. ಇದು ಗಾಯದ ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುತ್ತದೆ. ಗಾಯ ವಾಸಿಯಾಗಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೂ ಬರಬಹುದು, ತಾನಾಗಿ ಹೋಗುವುದು ಅಪರೂಪ. ಕಿವಿಯ ಹಾಲೆ, ಎದೆಯ ನಡುಭಾಗ, ಭುಜ, ಮೇಲ್ಬೆನ್ನು, ದವಡೆಯ ಅಂಚು ಇದರ ಮೆಚ್ಚಿನ ಜಾಗಗಳು. 10ರಿಂದ 30 ವರ್ಷದವರಲ್ಲಿ, ನಮ್ಮಂಥ ಕಂದು, ಕಪ್ಪು ಮೈಬಣ್ಣದವರಲ್ಲಿ, ಮನೆತನದಲ್ಲಿ ಈಗಾಗಲೇ ಯಾರಿಗಾದರೂ ಇದ್ದವರಲ್ಲಿ ಹೆಚ್ಚು. ನೋಡೋಕೆ ಗಡ್ಡೆಯಂತಿದ್ದರೂ ಕೀಲಾಯ್ಡ್ ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಗಾಯ ಮುಚ್ಚಲು ದೇಹ ಕೊಲಾಜನ್ ಅನ್ನೋ ನಾರನ್ನು ಹೆಣೆಯುತ್ತದೆ. ಕೆಲಸ ಮುಗಿದ ಮೇಲೆ ನಿಲ್ಲಿಸಬೇಕು. ಉಬ್ಬು ಕಲೆಯಲ್ಲಿ ಆ ನಿಲ್ಲಿಸು ಅನ್ನೋ ಸೂಚನೆ ಸರಿಯಾಗಿ ಮುಟ್ಟೋದಿಲ್ಲ. ಕೋಡ್ ಬರೆಯುವ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತೆ, ನಿಲ್ಲುವ ಷರತ್ತೇ ಇಲ್ಲದ ಲೂಪ್ ಇದ್ದ ಹಾಗೆ. ಸೋಂಕು, ಹೊಲಿಗೆಯ ಮೇಲೆ ಬೀಳುವ ಎಳೆತ, ಗಾಯ ಮುಚ್ಚಲು ಆಗುವ ತಡ ಇವು ಅದನ್ನು ಇನ್ನಷ್ಟು ಕೆರಳಿಸುತ್ತವೆ.

ಕಲೆ ಮಾಗಲು ಹಿಡಿಯುವ ಕಾಲ

ಟಿಪ್ಪು ಮತ್ತು ಇಂಗ್ಲಿಷರ ನಡುವಿನ ಮೂರನೇ ಮೈಸೂರು ಯುದ್ಧದ ಕಾಲದ ಒಂದು ಪ್ರಕರಣ ಪ್ರಪಂಚದ ಪ್ಲಾಸ್ಟಿಕ್ ಸರ್ಜರಿ ಇತಿಹಾಸದಲ್ಲೇ ಹೆಸರುವಾಸಿ. ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಕಡೆ ಒಬ್ಬ ದೇಶಿ ವೈದ್ಯ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಇದನ್ನು ಚಿತ್ರಸಮೇತ ಪ್ರಕಟಿಸಿತು. ಹಣೆಯ ಕಲೆ ಕಾಲ ಕಳೆದಂತೆ ಅಷ್ಟಾಗಿ ಕಾಣುವುದಿಲ್ಲ ಎಂಬುದನ್ನೂ ಆ ವರದಿ ಹೇಳಿತ್ತು.

ಇವತ್ತಿನ ವೈದ್ಯರೂ ಕಾಲದ ವಿಷಯದಲ್ಲಿ ಇದನ್ನೇ ಹೇಳುತ್ತಾರೆ. ಕಲೆ ಪೂರ್ತಿ ಮಾಗಲು ಒಂದರಿಂದ ಎರಡು ವರ್ಷ ಬೇಕು. ಮೂರನೇ ತಿಂಗಳಲ್ಲಿ ಕೆಂಪಗಿದೆ ಅಂತ ಹೆದರಬೇಕಿಲ್ಲ. ಆದರೆ ದಿನೇದಿನೇ ದಪ್ಪವಾಗುತ್ತಿದ್ದರೆ, ಗಡಿ ದಾಟುತ್ತಿದ್ದರೆ, ನವೆ, ನೋವು ನಿದ್ದೆ ಕೆಡಿಸುತ್ತಿದ್ದರೆ ಕಾಯುತ್ತಾ ಕೂರಬಾರದು. ಚಿಕ್ಕ ಉಬ್ಬನ್ನು ತಗ್ಗಿಸುವುದು ದೊಡ್ಡ ಗಂಟನ್ನು ತಗ್ಗಿಸುವುದಕ್ಕಿಂತ ಸುಲಭ.

ಏನೇನು ಚಿಕಿತ್ಸೆ ಇದೆ?

ಸಿಲಿಕೋನ್: ಜೆಲ್ ಅಥವಾ ತೆಳು ಹಾಳೆ ರೂಪದಲ್ಲಿ ಸಿಗುತ್ತದೆ. 1980ರ ದಶಕದಲ್ಲಿ ಸುಟ್ಟಗಾಯದ ಕಲೆಗಳಿಗೆ ಬಳಸಲು ಶುರುವಾಗಿದ್ದು. ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಬಳಸಬೇಕು. ಹಾಳೆಯನ್ನು ದಿನಕ್ಕೆ ಕನಿಷ್ಠ 12 ಗಂಟೆಯಂತೆ ಎರಡು ಮೂರು ತಿಂಗಳಾದರೂ ಹಾಕಬೇಕು. ಬೇಸಿಗೆಯಲ್ಲಿ ಬೆವರಿ ಗುಳ್ಳೆಯೇಳುವುದುಂಟು, ಹಾಳೆ ಮತ್ತು ಚರ್ಮ ಎರಡನ್ನೂ ದಿನಾ ತೊಳೆದು ಒರೆಸಿಕೊಳ್ಳಿ.

ಇಂಜೆಕ್ಷನ್: ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಅನ್ನು ಉಬ್ಬಿನೊಳಕ್ಕೇ ಕೊಡುತ್ತಾರೆ. ಮೂರರಿಂದ ಆರು ವಾರಕ್ಕೊಮ್ಮೆ, ಹಲವು ಸಲ. ಚುಚ್ಚುವಾಗ ನೋವಾಗುತ್ತೆ, ಆದರೆ ನವೆ, ನೋವು ಎಷ್ಟೋ ಜನರಿಗೆ ಇದರಿಂದಲೇ ಮೊದಲು ಕಡಿಮೆಯಾಗೋದು. ಸುತ್ತಲಿನ ಚರ್ಮ ತೆಳುವಾಗುವುದು, ಬೆಳ್ಳಗಾಗುವುದು ಇದರ ಅಡ್ಡಪರಿಣಾಮ. ಶುಗರ್ ಇರುವವರು ಮೊದಲೇ ಹೇಳಬೇಕು. ಬರೀ ಇದರಿಂದ ಬಗ್ಗದಿದ್ದರೆ ಜೊತೆಗೆ 5-ಫ್ಲೋರೋಯುರಾಸಿಲ್ ಸೇರಿಸುತ್ತಾರೆ.

ಒತ್ತಡ: ಕಿವಿಯ ಕೀಲಾಯ್ಡ್ ತೆಗೆದ ಮೇಲೆ ಒತ್ತಿ ಹಿಡಿಯುವ ವಿಶೇಷ ಓಲೆಗಳನ್ನು ದಿನದ ಹೆಚ್ಚು ಹೊತ್ತು, ತಿಂಗಳುಗಟ್ಟಲೆ ಹಾಕಿಸುತ್ತಾರೆ.

ಕ್ರಯೋಥೆರಪಿ, ಲೇಸರ್: ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಿಂದ ಉಬ್ಬನ್ನು ಹೆಪ್ಪುಗಟ್ಟಿಸಿ ಕುಗ್ಗಿಸಬಹುದು. ನಮ್ಮ ಮೈಬಣ್ಣಕ್ಕೆ ಬಿಳಿ ಮಚ್ಚೆ ಉಳಿಯುವ ಸಾಧ್ಯತೆ ಇರುತ್ತೆ. ಲೇಸರ್ ಕೆಂಪು ಮತ್ತು ಗಟ್ಟಿತನ ತಗ್ಗಿಸಲು ನೆರವಾಗುತ್ತದೆ, ಅದೂ ಬೇರೆ ಚಿಕಿತ್ಸೆಗಳ ಜೊತೆಗೆ.

ಮತ್ತೆ ಸರ್ಜರಿ: “ಕತ್ತರಿಸಿ ಎಸೆದರೆ ಮುಗೀತಲ್ಲ” ಅನ್ನೋರು ಬಹಳ. ಕೀಲಾಯ್ಡನ್ನು ಬರೀ ಕತ್ತರಿಸಿ ಬಿಟ್ಟರೆ 100ರಲ್ಲಿ 45ರಿಂದ 100 ಸಲ ಮತ್ತೆ ಬರುತ್ತದೆ ಎಂದು ವೈದ್ಯಕೀಯ ವರದಿಗಳು ಹೇಳುತ್ತವೆ, ಮೊದಲಿಗಿಂತ ದೊಡ್ಡದಾಗಿಯೂ ಬರಬಹುದು. ಆದ್ದರಿಂದ ಕತ್ತರಿಸಿದ ಮೇಲೆ ಇಂಜೆಕ್ಷನ್, ಒತ್ತಡ ಅಥವಾ ಹಟಮಾರಿ ಕೀಲಾಯ್ಡ್ ಆದರೆ ಒಂದೆರಡು ದಿನದೊಳಗೆ ರೇಡಿಯೇಷನ್ ಕೊಡುತ್ತಾರೆ. ಗರ್ಭಿಣಿಯರಿಗೆ, ಮಕ್ಕಳಿಗೆ ರೇಡಿಯೇಷನ್ ತಪ್ಪಿಸುತ್ತಾರೆ.

ನಮ್ಮ ಅಕ್ಕನಿಗೂ ಮೊದಲು ಇಂಜೆಕ್ಷನ್, ಆಮೇಲೆ ಸಣ್ಣ ಸರ್ಜರಿ, ಮತ್ತೆ ಇಂಜೆಕ್ಷನ್, ಒತ್ತುವ ಓಲೆ ಹೀಗೆ ಸುಮಾರು ಒಂದು ವರ್ಷ ನಡೆಯಿತು. ಗುರುತು ಉಳಿದಿದೆ, ನೋವು ಇಲ್ಲ.

ಉಬ್ಬಿಲ್ಲ, ನೋವಿದೆ ಅಂದರೆ?

ಕಲೆ ಚಪ್ಪಟೆಯಾಗಿದ್ದೂ ಉರಿ, ಕರೆಂಟ್ ಹೊಡೆದಂಥ ಸೆಳೆತ, ಬಟ್ಟೆ ತಾಕಿದರೂ ನೋವು ಇದ್ದರೆ ನರದ ತೊಂದರೆ ಇರಬಹುದು. ಕತ್ತರಿಸಿದ ಸಣ್ಣ ನರ ಕಲೆಯೊಳಗೆ ಸಿಕ್ಕಿಕೊಂಡಿರುತ್ತದೆ ಅಥವಾ ಗಂಟು ಕಟ್ಟಿರುತ್ತದೆ. ಕೆಲವೊಮ್ಮೆ ಒಳಗೆ ಉಳಿದ ಹೊಲಿಗೆ ದಾರವೇ ಕಾರಣ. ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋವು ನಿಲ್ಲುತ್ತದಾ ಅಂತ ವೈದ್ಯರು ನೋಡುತ್ತಾರೆ. ನರದ ನೋವಿಗೆ ಬೇರೆಯೇ ಮಾತ್ರೆಗಳಿವೆ, ಮಾಮೂಲಿ ನೋವಿನ ಮಾತ್ರೆ ನುಂಗುತ್ತಾ ಹೋದರೆ ಪ್ರಯೋಜನ ಕಡಿಮೆ. ಕೆಂಪಗೆ ಬಿಸಿಯಾಗಿ, ಕೀವು, ಜ್ವರ ಇದ್ದರೆ ಅದು ಸೋಂಕು, ಅವತ್ತೇ ತೋರಿಸಿ.

ಮನೆಮದ್ದಿನ ವಿಷಯ

ಸುಣ್ಣ, ಬೆಳ್ಳುಳ್ಳಿ ಹಚ್ಚಿ ಸುಡುವುದು, ಗಂಟಿಗೆ ದಾರ ಬಿಗಿಯುವುದು ದಯವಿಟ್ಟು ಬೇಡ. ಕೀಲಾಯ್ಡ್ ಬರುವ ಚರ್ಮಕ್ಕೆ ಪ್ರತಿ ಹೊಸ ಗಾಯವೂ ಹೊಸ ಕೀಲಾಯ್ಡಿಗೆ ಆಹ್ವಾನ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚೋರೂ ಇದ್ದಾರೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಅದರಿಂದ ಹೆಚ್ಚಿನವರಿಗೆ ಲಾಭವಾಗಲಿಲ್ಲ, ಮೂರರಲ್ಲಿ ಒಬ್ಬರಿಗೆ ಚರ್ಮದ ಅಲರ್ಜಿಯಾಯಿತು. ಗಾಯ ಮುಚ್ಚಿದ ಮೇಲೆ ವೈದ್ಯರು ಒಪ್ಪಿದರೆ ಮೆತ್ತಗೆ ಮಸಾಜ್, ಬಿಸಿಲಿಗೆ ಸನ್‌ಸ್ಕ್ರೀನ್ ಇಷ್ಟು ಮನೆಯಲ್ಲೇ ಮಾಡಬಹುದು.

ಎಲ್ಲಿಗೆ ಹೋಗೋದು, ಏನು ಕೇಳೋದು?

ಉಬ್ಬು ಕಲೆಗೆ ನೋಡಬೇಕಾದ್ದು ಎಂ.ಡಿ. ಮಾಡಿದ ಚರ್ಮವೈದ್ಯರನ್ನು ಅಥವಾ ಎಂ.ಸಿಎಚ್. ಮಾಡಿದ ಪ್ಲಾಸ್ಟಿಕ್ ಸರ್ಜನ್ನರನ್ನು. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ ಕಾಯ್ದೆಯಡಿ ನೋಂದಣಿ ಇದೆಯಾ ಅಂತ ಕೇಳಿ, ಕೇಳೋದಕ್ಕೆ ಸಂಕೋಚ ಬೇಡ. ಪೀಣ್ಯದ ಫ್ಯಾಕ್ಟರಿ, ಗಾರ್ಮೆಂಟ್ಸ್‌ಗೆ ಹೋಗುವವರ ಹತ್ತಿರ ಇ.ಎಸ್.ಐ. ಕಾರ್ಡ್ ಇರುತ್ತೆ, ರಾಜಾಜಿನಗರದ ಇ.ಎಸ್.ಐ. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೇ ಚರ್ಮರೋಗ ವಿಭಾಗ ಇದೆ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳೂ ಇವೆ.

ಇನ್ಶೂರೆನ್ಸ್ ಪಾಲಿಸಿಗಳು ಸಾಮಾನ್ಯವಾಗಿ ಅಂದಕ್ಕಾಗಿ ಮಾಡಿಸಿದ್ದಕ್ಕೆ ಹಣ ಕೊಡೋದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಸರ್ಜರಿ ಮತ್ತು ವೈದ್ಯಕೀಯ ಅಗತ್ಯಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ನೋವು, ನವೆ, ನಿದ್ದೆಗೇಡು ಇದ್ದರೆ ಅದನ್ನು ಚೀಟಿಯಲ್ಲಿ ಬರೆಯಲು ಡಾಕ್ಟರಿಗೆ ಹೇಳಿ. ಕ್ಲೇಮ್ ಸಿಗದಿದ್ದರೂ ಮುಂದಿನ ಚಿಕಿತ್ಸೆಗೆ ದಾಖಲೆಯಾಗುತ್ತೆ. ತಿಂಗಳಿಗೊಮ್ಮೆ ಕಲೆಯ ಪಕ್ಕ ಸ್ಕೇಲ್ ಇಟ್ಟು, ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ. “ಬೆಳೀತಿದೆ ಅನ್ಸುತ್ತೆ” ಅನ್ನೋದಕ್ಕಿಂತ ಮೂರು ಫೋಟೊ ಹೆಚ್ಚು ಹೇಳುತ್ತವೆ.

ಇನ್ನೂ ಸರ್ಜರಿ ಮಾಡಿಸಿಕೊಳ್ಳದವರು ಮೂರು ಮಾತು ಮರೆಯಬೇಡಿ. ಕಿವಿ ಚುಚ್ಚಿದ ಜಾಗ, ಲಸಿಕೆಯ ಜಾಗ ಅಥವಾ ಮೊಡವೆ ಕಲೆ ಉಬ್ಬಿದೆಯಾ ನೋಡಿಕೊಳ್ಳಿ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದೆಯಾ ಕೇಳಿ. ಇದ್ದರೆ ಸರ್ಜನ್ನರಿಗೆ ಮೊದಲೇ ತಿಳಿಸಿ, ಕಲೆ ಉಬ್ಬಿದರೆ ಮುಂದೇನು, ಅದರ ಖರ್ಚು ಯಾರದು ಅನ್ನೋದನ್ನ ಹಣ ಕಟ್ಟುವ ಮುಂಚೆಯೇ ಕೇಳಿ.

ಮನೆಯವರಿಗೆ ಒಂದೇ ವಿನಂತಿ. ಸರ್ಜರಿ ಬೇಕಿತ್ತೋ ಬೇಡವಾಗಿತ್ತೋ ಅನ್ನೋ ಚರ್ಚೆ ಆಮೇಲೆ ಇಟ್ಟುಕೊಳ್ಳಿ. ಕಿವಿಗೆ ಕೈ ಹಚ್ಚಿಕೊಂಡು ಮಲಗುವ ಮಗಳಿಗೆ, ಎದೆಗೆ ಶರ್ಟ್ ತಾಕದಂತೆ ಎತ್ತಿ ಹಿಡಿದು ನಡೆಯುವ ಮಗನಿಗೆ “ತುಂಬಾ ನೋಯುತ್ತಾ? ನಾಳೆ ಬೆಳಗ್ಗೆ ತೋರಿಸ್ಕೊಂಡು ಬರೋಣ ನಡಿ” ಅಂದರೆ ಸಾಕು.