ಕರೆಂಟಿನ ತಂತಿಗೆ ಬೆಂಕಿಯ ಸುದ್ದಿ

ಪುಣೆಯ ಕಸಬಾ ಪೇಠೆಯಲ್ಲಿ ಉಳಿದಿರುವ ಹಳೆಯ ವಾಡೆಗಳಲ್ಲಿ ಕಂಬ, ತೊಲೆ, ಅಟ್ಟ ಎಲ್ಲವೂ ಮರದ್ದು. ಹತ್ತಿರದಲ್ಲೇ ಇದ್ದ ಪೇಶ್ವೆಗಳ ಅರಮನೆ ಶನಿವಾರವಾಡೆ 1828ರ ಫೆಬ್ರವರಿಯಲ್ಲಿ ಬೆಂಕಿ ಹತ್ತಿಕೊಂಡು ಏಳು ದಿನ ಉರಿಯಿತಂತೆ. ಉಳಿದದ್ದು ಕೋಟೆಗೋಡೆ, ಹೆಬ್ಬಾಗಿಲು. ಇಂಥ ಮನೆಗೆ ಫೈರ್ ಅಲಾರಂ ಕೂರಿಸಲು ಗೋಡೆ ಕೊರೆದು ಹೊಸ ಕೇಬಲ್ ಎಳೆಯಬೇಕು. ಕೋಣೆಕೋಣೆಗೂ ಹೋಗಿರುವ ಕರೆಂಟಿನ ತಂತಿಯೇ ಆ ಕೆಲಸ ಮಾಡಬಾರದೇ?

ಮಾಡಬಲ್ಲದು. 230 ವೋಲ್ಟಿನ ಮನೆ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದರ ಬೆನ್ನ ಮೇಲೆ ಸೆಕೆಂಡಿಗೆ ಲಕ್ಷ ಸಲ ಕಂಪಿಸುವ ಪುಟ್ಟ ಸಂಕೇತವನ್ನು ಕೂರಿಸಬಹುದು. ಆ ತುದಿಯಲ್ಲಿ ಒಂದು ಕೆಪಾಸಿಟರ್ ನಿಧಾನದ್ದನ್ನು ತಡೆದು ವೇಗದ್ದನ್ನು ಒಳಬಿಡುತ್ತದೆ. 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಎಕ್ಸ್-10 ಎಂಬ ಮನೆ ಉಪಕರಣ ನಿಯಂತ್ರಣ ವ್ಯವಸ್ಥೆ ಇದನ್ನೇ 120 ಕಿಲೋಹರ್ಟ್ಸ್‌ನಲ್ಲಿ, ವೋಲ್ಟೇಜು ಸೊನ್ನೆ ದಾಟುವ ಗಳಿಗೆ ನೋಡಿ ಮಾಡಿತು. ನಮ್ಮ ವಿದ್ಯುತ್ ಮಂಡಳಿಗಳಿಗೂ ಇದು ಹಳೆಯ ವಿದ್ಯೆ: ಸಬ್‌ಸ್ಟೇಷನ್‌ಗಳಲ್ಲಿ ತೂಗುವ ಆ ದಪ್ಪ ಸುರುಳಿಗಳು ಹೈಟೆನ್ಷನ್ ತಂತಿಯ ಮೇಲೆ ಹರಿಯುವ ಮಾತು ದಾರಿ ತಪ್ಪದಂತೆ ನೋಡಿಕೊಳ್ಳುತ್ತವೆ.

ತೊಡಕಿರುವುದು ಬೇರೆ ಕಡೆ. ಮಿಕ್ಸಿ, ಅಗ್ಗದ ಎಲ್‌ಇಡಿ ಬಲ್ಬು ಎಲ್ಲವೂ ಅದೇ ತಂತಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಒಂದು ಫೇಸಿನ ಸಂಕೇತ ಇನ್ನೊಂದು ಫೇಸಿನ ಫ್ಲ್ಯಾಟಿಗೆ ಸರಿಯಾಗಿ ದಾಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಂಕಿ ಬಿದ್ದಾಗ ಮೊದಲು ಸಾಯುವುದೇ ಆ ತಂತಿ: ಹೊದಿಕೆ ಕರಗಿ ಶಾರ್ಟ್ ಆಗಿ ಎಂಸಿಬಿ ಬೀಳುತ್ತದೆ, ಇಲ್ಲವೇ ಅಗ್ನಿಶಾಮಕ ದಳದವರೇ ಮೇನ್ ಸ್ವಿಚ್ ಇಳಿಸುತ್ತಾರೆ. ಸ್ವಿಚ್ ತೆರೆದ ಮೇಲೆ ಎರಡೂ ತುದಿಯಲ್ಲಿ ಬ್ಯಾಟರಿ ಇದ್ದರೂ ದಾರಿಯೇ ತುಂಡು.

ನಿಜವಾದ ಅಲಾರಂ ತಂತಿ ತನ್ನದೇ 24 ವೋಲ್ಟು, ತನ್ನದೇ ಬ್ಯಾಟರಿ ನೆಚ್ಚಿಕೊಂಡಿರುತ್ತದೆ. ಸಾಂಪ್ರದಾಯಿಕ ಪ್ಯಾನಲ್ಲಿನಲ್ಲಿ ತಂತಿಯ ಕೊನೆಗೊಂದು ರೆಸಿಸ್ಟರ್. ಅದರ ಮೂಲಕ ಸಣ್ಣ ಕರೆಂಟು ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ. ಇಲಿ ತಂತಿ ಕಡಿದರೆ ಆ ಹರಿವು ನಿಲ್ಲುತ್ತದೆ, ಪ್ಯಾನಲ್ 'ಫಾಲ್ಟ್' ಎಂದು ಕೂಗುತ್ತದೆ. ಪ್ರತಿ ಪತ್ತೆಕಾರಕಕ್ಕೂ ತನ್ನದೇ ವಿಳಾಸವಿರುವ ಈಚಿನ ಅಡ್ರೆಸೆಬಲ್ ಲೂಪುಗಳಲ್ಲಂತೂ ಎರಡೇ ತಂತಿಯಲ್ಲಿ ವಿದ್ಯುತ್ತೂ ಮಾಹಿತಿಯೂ ಒಟ್ಟಿಗೆ ಹೋಗುತ್ತವೆ. ಅಂದರೆ ಎರಡನ್ನು ಬೆರೆಸುವುದು ತಪ್ಪಲ್ಲ, ಊರೆಲ್ಲ ಮುಟ್ಟುವ ತಂತಿಯಲ್ಲಿ ಬೆರೆಸುವುದೇ ಅಪಾಯ.

ಹಾಗಾಗಿ ಹೊಗೆ ಪತ್ತೆಕಾರಕವನ್ನು ಕರೆಂಟಿನ ತಂತಿಗೆ ಒಪ್ಪಿಸಬಾರದೆಂದೇ ನನ್ನ ವಾದ. ಕಿವಿ ಕೇಳದ ಅಜ್ಜಿಯ ಕೋಣೆಗೊಂದು ಮಿನುಗು ದೀಪ, ವಾಚ್‌ಮನ್ ಗೂಡಿಗೊಂದು ಹೆಚ್ಚುವರಿ ಹೂಟರ್ ಇಂಥವಕ್ಕೆ ಆ ತಂತಿಯನ್ನು ಧಾರಾಳವಾಗಿ ಬಳಸಲಿ. ಕೆಲವು ಸೆಕೆಂಡಿಗೊಮ್ಮೆ ಪ್ಯಾನಲ್ ಅವನ್ನು ಕರೆದು 'ಇದ್ದೀಯಾ' ಎಂದು ಕೇಳುವಂತಿರಲಿ, ಒಳಗೊಂದು ಬ್ಯಾಟರಿಯೂ ಇರಲಿ. ಪುಣೆಯಲ್ಲಿ ದುರಸ್ತಿಗೆಂದು ಕರೆಂಟು ತೆಗೆಯುವುದು ಸಾಮಾನ್ಯವಾಗಿ ಗುರುವಾರ. ಬ್ಯಾಟರಿಯಿಲ್ಲದ ಅಗ್ಗದ ಹೂಟರ್ ಆ ದಿನ ಓಗೊಡುವುದಿಲ್ಲ, ಪ್ಯಾನಲ್ ಕಿರುಚುತ್ತದೆ, ಎರಡು ಗುರುವಾರ ಕೇಳಿದ ವಾಚ್‌ಮನ್ ಮೂರನೆಯದಕ್ಕೆ ಬಜರಿನ ವೈರನ್ನೇ ಕಿತ್ತಿಡುತ್ತಾನೆ.