ಫಂಡಿನ ಹಣ, ಊರಿನ ಕೆಲಸ

ತಂತ್ರಜ್ಞಾನ ಕಂಪನಿಗಳಿಗೆ ಬಂಡವಾಳ ಹಾಕುವವರು ಊರಿನ ಆಡಳಿತಕ್ಕೂ ಕೈಹಚ್ಚಿದರೆ ಏನಾಗುತ್ತದೆ? ಇದನ್ನು ಅರಿಯಲು ನಂದನ್ ನಿಲೇಕಣಿಯವರ ವೃತ್ತಿಜೀವನವನ್ನು ನೋಡಬೇಕು. ಬೆಂಗಳೂರಿನಲ್ಲಿ ಹುಟ್ಟಿ, ಧಾರವಾಡದಲ್ಲೂ ಐಐಟಿ ಬಾಂಬೆಯಲ್ಲೂ ಓದಿದ ಅವರು 1981ರಲ್ಲಿ ಇನ್ಫೋಸಿಸ್ ಕಟ್ಟಿದ ಏಳು ಮಂದಿಯಲ್ಲಿ ಒಬ್ಬರು.

2017ರಲ್ಲಿ ಸಂಜೀವ್ ಅಗರ್ವಾಲ್ ಅವರ ಜೊತೆಗೂಡಿ ‘ಫಂಡಮೆಂಟಮ್’ ಎಂಬ ಹೂಡಿಕೆ ಸಂಸ್ಥೆ ತೆರೆದರು. ಅದು ಹಣ ಹಾಕುವುದು ಆಗಷ್ಟೇ ಹುಟ್ಟಿದ ಕಂಪನಿಗಳಿಗಲ್ಲ, ಗಿರಾಕಿಗಳನ್ನು ಸಂಪಾದಿಸಿಕೊಂಡು ಬೆಳೆಯಲು ಹೊರಟವುಗಳಿಗೆ. ಇಂಥ ಫಂಡುಗಳ ನಡೆ ಸಾಮಾನ್ಯವಾಗಿ ಒಂದೇ ತೆರ: ಹಲವರ ದುಡ್ಡು ಕೂಡಿಸಿ ಕಂಪನಿಯಲ್ಲಿ ಪಾಲು ಕೊಳ್ಳುವುದು, ಕೆಲವು ವರ್ಷ ಸಲಹೆ ಕೊಡುತ್ತ ಜೊತೆಗಿರುವುದು, ಷೇರುಪೇಟೆಯಲ್ಲೋ ಇನ್ನೊಬ್ಬ ಹೂಡಿಕೆದಾರರಿಗೋ ಪಾಲು ಮಾರಿ ಹೊರಬರುವುದು. ಫಂಡಿನ ಆಯಸ್ಸು ಸುಮಾರು 10 ವರ್ಷ.

ಊರಿನ ಕೆಲಸದಲ್ಲಿ ಕೊಳ್ಳಲು ಪಾಲೂ ಇಲ್ಲ, ಮಾರಿ ಹೊರಬರುವ ದಿನವೂ ಇಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ರಚಿಸಿದ ಬೆಂಗಳೂರು ಅಜೆಂಡಾ ಕಾರ್ಯಪಡೆಗೆ ನಿಲೇಕಣಿ ಅಧ್ಯಕ್ಷರಾದರು. ಪಾಲಿಕೆ, ಬಿಡಿಎ, ಜಲಮಂಡಳಿ, ಬಿಎಂಟಿಸಿಯಂಥ ಸಂಸ್ಥೆಗಳು ಜನರೆದುರು ನಿಂತು ತಮ್ಮ ಗುರಿಯನ್ನೂ ಸಾಧನೆಯನ್ನೂ ಒಪ್ಪಿಸುವ ಪದ್ಧತಿ ಆಗ ಬಂತು. ಕಂಪನಿಯೊಂದು ಷೇರುದಾರರಿಗೆ ಲೆಕ್ಕ ಕೊಡುವ ಶಿಸ್ತನ್ನು ಸರ್ಕಾರಿ ಕಚೇರಿಗೆ ತಂದದ್ದು ಇದು. ಕಾರ್ಯಪಡೆಯ ದೊಡ್ಡ ಕಾಣಿಕೆ ಇದೇ ಎಂದು ನಾನು ಭಾವಿಸುತ್ತೇನೆ. ಅದೇ ಅವಧಿಯಲ್ಲಿ, 2000ದಲ್ಲಿ, ಪಾಲಿಕೆ ಸ್ವಯಂಘೋಷಿತ ಆಸ್ತಿ ತೆರಿಗೆ ಜಾರಿಗೆ ತಂದಿತು. ಅದುವರೆಗೆ ಮನೆಗೆ ಎಷ್ಟು ಕಂದಾಯವೆಂಬುದು ಅಧಿಕಾರಿಯ ಅಂದಾಜಿಗೆ ಬಿಟ್ಟಿತ್ತು. ಹೊಸ ಕ್ರಮದಲ್ಲಿ ಚದರಡಿ, ಬಡಾವಣೆ, ಕಟ್ಟಡದ ಬಗೆ ಇವನ್ನು ನೋಡಿ ಮಾಲೀಕರೇ ಲೆಕ್ಕ ಹಾಕಿ ಕಟ್ಟಬಹುದಾಯಿತು.

2004ರಲ್ಲಿ ಸರ್ಕಾರ ಬದಲಾದಾಗ ಕಾರ್ಯಪಡೆ ನಿಂತುಹೋಯಿತು. ಅದಕ್ಕೆ ಕಾನೂನಿನ ಬುಡವಿರಲಿಲ್ಲ. ಚುನಾಯಿತ ಕಾರ್ಪೊರೇಟರ್‌ಗಳನ್ನು ಬದಿಗೆ ಸರಿಸಲಾಯಿತು ಎಂಬ ದೂರೂ ಇತ್ತು, ಅದು ನ್ಯಾಯವಾದ ದೂರೇ. ವಾರ್ಡಿನ ಜನ ಆರಿಸದವರು ಎಷ್ಟೇ ಸಮರ್ಥರಾಗಿದ್ದರೂ ವಾರ್ಡಿನ ಪರವಾಗಿ ಮಾತಾಡಲಾರರು. ಆದರೆ ಸ್ವಯಂಘೋಷಿತ ತೆರಿಗೆ ಉಳಿಯಿತು, ಏಕೆಂದರೆ ಅದು ಪಾಲಿಕೆಯ ದಿನನಿತ್ಯದ ಕೆಲಸವಾಗಿ ಹೋಗಿತ್ತು.

ಕಾನೂನಿನ ಬುಡ ಎಷ್ಟು ಮುಖ್ಯ ಎಂಬುದನ್ನು ಆಧಾರ್ ಕಥೆಯೂ ತೋರಿಸುತ್ತದೆ. 2009ರಲ್ಲಿ ಆಧಾರ್ ನೀಡುವ ಪ್ರಾಧಿಕಾರದ ಮೊದಲ ಅಧ್ಯಕ್ಷರಾದಾಗ ನಿಲೇಕಣಿಯವರ ಕೈಯಲ್ಲಿದ್ದದ್ದು ಬರೀ ಸರ್ಕಾರಿ ಆದೇಶ. ಕಾಯ್ದೆ ಬಂದದ್ದು 2016ರಲ್ಲಿ. ಖಾಸಗಿ ಕಂಪನಿಗಳು ಆಧಾರ್ ಕೇಳುವುದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಮಿತಿ ಹಾಕಿತು. ಜನರ ಬೆರಳಚ್ಚು ಕೇಳುವ ವ್ಯವಸ್ಥೆಗೆ ಕಾಯ್ದೆಯೂ ಕೋರ್ಟಿನ ಪರಿಶೀಲನೆಯೂ ಮೊದಲೇ ಬೇಕಿತ್ತು.

ಈಗ ಅವರ ಕೊಡುಗೆಯ ದಾರಿ ಬೇರೆ. ಪತ್ನಿ ರೋಹಿಣಿ ನಿಲೇಕಣಿಯವರೊಂದಿಗೆ ಕಟ್ಟಿದ ‘ಏಕ್‌ಸ್ಟೆಪ್’ ಸಂಸ್ಥೆಯ ಮುಕ್ತ ತಂತ್ರಾಂಶದ ಮೇಲೆ ಕೇಂದ್ರದ ‘ದೀಕ್ಷಾ’ ಶಿಕ್ಷಣ ವೇದಿಕೆ ನಡೆಯುತ್ತದೆ. 2022ರಲ್ಲಿ ಐಐಟಿ ಮದ್ರಾಸಿನ ‘ಎಐ4ಭಾರತ್’ ಕೇಂದ್ರಕ್ಕೆ ಅವರು 36 ಕೋಟಿ ರೂಪಾಯಿ ಕೊಟ್ಟರು. ಅನುವಾದಕ್ಕೆ, ಮಾತನ್ನು ಬರಹವಾಗಿಸುವುದಕ್ಕೆ ಬೇಕಾದ ಸಾಮಗ್ರಿಯನ್ನು ಅದು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಮುಕ್ತವಾಗಿ ಹಂಚುತ್ತಿದೆ.