ಟ್ಯೂಲಿಪ್ ಗಡ್ಡೆ ರಾಯಾಪುರದ ಹವೆಗೆ ಒಗ್ಗುವುದೆ?

ಹುಬ್ಬಳ್ಳಿ-ಧಾರವಾಡಗಳ ನಡುವಿನ ರಾಯಾಪುರದಲ್ಲಿ ಹೂವಿನ ಹವ್ಯಾಸವುಳ್ಳವರು ಟ್ಯೂಲಿಪ್ ಹೂವಿನ ಚಿತ್ರಗಳನ್ನು ಕಂಡು, ತಮ್ಮ ಹಿತ್ತಲಲ್ಲಿಯೂ ಅದನ್ನು ಬೆಳೆಯಲು ಆಶಿಸುವುದು ಸಹಜ. ಆದರೆ ಗಡ್ಡೆಗೆ ಹಣ ತೆರುವ ಮೊದಲು ಆ ಗಿಡದ ಸ್ವಭಾವವನ್ನು ಅರಿಯುವುದು ಅವಶ್ಯ.

ಟ್ಯೂಲಿಪ್ ಗಿಡವು ಉಳ್ಳಾಗಡ್ಡೆಯಂತೆ ಪದರುಗಳುಳ್ಳ ಗಡ್ಡೆಯಿಂದ ಹುಟ್ಟುವುದು. ಮಧ್ಯ ಏಶಿಯದ ಬೆಟ್ಟಗಾಡು ಅದರ ತವರು. ಹಾಲೆಂಡಿನಲ್ಲಿ ಈ ಗಡ್ಡೆಯ ಬೆಲೆ ಮಿತಿಮೀರಿ ಏರಿ, 1637ರಲ್ಲಿ ಒಮ್ಮೆಲೇ ಕುಸಿದದ್ದು ಪ್ರಸಿದ್ಧವಾದ ಸಂಗತಿ. ಭಾರತದಲ್ಲಿ ಶ್ರೀನಗರದ ದಾಲ್ ಸರೋವರದ ಸಮೀಪದಲ್ಲಿ 2007ರಲ್ಲಿ ತೆರೆದ ವಿಶಾಲ ತೋಟದಲ್ಲಿ ಇದು ವಸಂತಕಾಲದಲ್ಲಿ ಅರಳುತ್ತದೆ.

ಇಲ್ಲಿಯ ನೆಲದಲ್ಲಿ ನೆಟ್ಟರೆ ಹೂ ಬಿಡುವುದೆ? ಬಿಡುವುದೆಂದು ನಂಬಲಾಗದು. ಗಡ್ಡೆಯೊಳಗಿನ ಮೊಗ್ಗು ಸರಿಯಾಗಿ ನೀಳವಾಗಿ ಮೇಲೇರಬೇಕಾದರೆ ಸುಮಾರು 12ರಿಂದ 16 ವಾರಗಳ ಕಾಲ 10 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆ ತಂಪು ಬೇಕು. ಧಾರವಾಡದ ಸೀಮೆಯ ಚಳಿಗಾಲದಲ್ಲಿ ನೆಲವು ಅಷ್ಟು ತಣಿಯುವುದಿಲ್ಲ. ತಂಪು ಸಾಲದಿದ್ದರೆ ಎಲೆ ಮಾತ್ರ ಬಂದೀತು. ಇಲ್ಲವೆ ಹೂವು ನೆಲಮಟ್ಟದಲ್ಲಿಯೇ ಕುಗ್ಗೀತು.

ಕೃತಕವಾಗಿ ತಣಿಸಬಹುದೆ? ತಣಿಸಬಹುದು. ಗಡ್ಡೆಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು, ತರುವಾಯ ಡಿಸೆಂಬರ ಅಥವಾ ಜನವರಿಯಲ್ಲಿ ಕುಂಡದಲ್ಲಿ ನೆಟ್ಟು ನೆರಳಿನಲ್ಲಿಡತಕ್ಕದ್ದು. ಮಾಗಿದ ಹಣ್ಣುಗಳನ್ನು ಅವುಗಳ ಬಳಿ ಇಡಕೂಡದು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲವು ಮೊಗ್ಗನ್ನು ಕೊಲ್ಲುತ್ತದೆ.

ಅದೇ ಗಡ್ಡೆ ಮರುವರ್ಷ ಬಂದೀತೆ? ಹೂಬಿಟ್ಟ ತಾಯಿಗಡ್ಡೆ ಸವೆದುಹೋಗಿ ಮರಿಗಡ್ಡೆಗಳು ಹುಟ್ಟುತ್ತವೆ. ಬಿಸಿಲುಸೀಮೆಯಲ್ಲಿ ಎಲೆಗಳು ಬೇಗನೆ ಒಣಗುವುದರಿಂದ ಮರಿಗಳು ದಪ್ಪವಾಗಲಾರವು. ಆದಕಾರಣ ಪ್ರತಿವರ್ಷವೂ ಹೊಸ ಗಡ್ಡೆ ಕೊಳ್ಳಬೇಕಾಗುವುದು. ಬೀಜದಿಂದ ಬೆಳೆಸಿದರೆ ಹೂ ಕಾಣಲು ಐದಾರು ವರ್ಷಗಳು ಬೇಕು.

ಇದರಿಂದ ಅಪಾಯವುಂಟೆ? ಉಂಟು. ನೋಡಲು ಉಳ್ಳಾಗಡ್ಡೆಯಂತಿದ್ದರೂ ಇದು ವಿಷಕಾರಿ. ದನಕರುಗಳಿಗೂ ಮಕ್ಕಳಿಗೂ ಎಟುಕದಂತೆ ಇಡಬೇಕು. ಅಡಿಗೆಮನೆಯ ಉಳ್ಳಾಗಡ್ಡೆಯೊಡನೆ ಬೆರೆಸಲೇಬಾರದು.

ಹೀಗಿರಲು ಟ್ಯೂಲಿಪ್ ಇಲ್ಲಿ ಕುಂಡದ ವಿನೋದವೇ ಹೊರತು ಹೊಲದ ಬೆಳೆಯಲ್ಲ. ಸಾಲ ಮಾಡಿ ಗಡ್ಡೆ ತರಿಸುವುದು ಹಿತವಲ್ಲ. ಗಡ್ಡೆಯ ಹೂವಿನಿಂದಲೇ ಆದಾಯ ಬಯಸುವ ಒಕ್ಕಲಿಗನಿಗೆ ಸುಗಂಧರಾಜ ಲೇಸು. ನೀರು ಬಸಿದುಹೋಗುವ ನೆಲದಲ್ಲಿ ಕೊಳೆತ ತಿಪ್ಪೆಗೊಬ್ಬರ ಹಾಕಿ, ಗೇಣಿಗಿಂತ ತುಸು ಹೆಚ್ಚು, ಅಂದರೆ 30 ಸೆಂಟಿಮೀಟರು ಅಂತರದಲ್ಲಿ ನೆಟ್ಟರೆ ಮೂರುನಾಲ್ಕು ತಿಂಗಳಲ್ಲಿ ಹೂ ಬರತೊಡಗುವುದು. ಒಮ್ಮೆ ನೆಟ್ಟದ್ದು ಎರಡು-ಮೂರು ವರ್ಷ ಫಲ ಕೊಡುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್, ಪ್ರಜ್ವಲ್ ತಳಿಗಳು ಇದಕ್ಕೆ ತಕ್ಕವು. ಹವೆಗೆ ಒಗ್ಗಿದ ಬೆಳೆಯೇ ಒಕ್ಕಲಿಗನಿಗೆ ನೆಚ್ಚಿನ ಬಂಡವಾಳ.